ಹಸಿರು ಗುಂಡಿಯ ಹಿನ್ನೆಲೆ

ರಾಜಾನುಕುಂಟೆಯ ನಮ್ಮ ಮನೆಯ ಹಿಂದೆ ಒಂದು ಹೊಂಗೆ ಮರವಿದೆ. ಅದರ ಪಕ್ಕದ ಕಲ್ಲುಕಂಬಕ್ಕೆ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ತಂತಿಯಲ್ಲಿ ಬಿಗಿದಿದ್ದರು. ತಗಡಿನ ಪೆಟ್ಟಿಗೆ, ಅದರ ಮುಖದ ಮೇಲೆ ಎರಡು ಗುಂಡಿಗಳು. ಒಂದು ಹಸಿರು, ಇನ್ನೊಂದು ಕೆಂಪು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಬಿಸಿಲಿಗೆ ಮಳೆಗೆ ಅದು ಅಳಿಸಿಹೋಗಿತ್ತು, ಅಳಿಸಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಕರೆಂಟು ಬಂದರೆ ಅಮ್ಮ ಟಾರ್ಚು ಹಿಡಿದು ಹೋಗಿ ಹಸಿರನ್ನು ಒತ್ತಿ ಬರುತ್ತಿದ್ದಳು. ಹಸಿರು ಒತ್ತಿದರೆ ನೀರು ಬರುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಇಷ್ಟನ್ನು ತಿಳಿಯಲು ಅಕ್ಷರ ಬೇಕಿರಲಿಲ್ಲ.

ಆ ಬೋರ್‌ವೆಲ್ ಬತ್ತಿತು. ಹೆಸರಿನಲ್ಲೇ ಕುಂಟೆ ಇರುವ ಊರಿನಲ್ಲಿ ನೀರಿಗಾಗಿ ಸಾವಿರ ಅಡಿ ಕೊರೆಯುವ ಕಾಲ ಬಂದಿತ್ತು. ದೊಡ್ಡಬಳ್ಳಾಪುರ ರಸ್ತೆಯ ಇಕ್ಕೆಲದ ಹೊಲಗಳು ಲೇಔಟುಗಳಾಗುತ್ತಿದ್ದವು. 2019ರಲ್ಲಿ ಮೋಟರನ್ನು ಮಾರೋಣ ಎಂದು ನಾನೇ ಒಂದು ಜಾಲತಾಣದಲ್ಲಿ ಜಾಹೀರಾತು ಹಾಕಿ ಅಮ್ಮನ ನಂಬರು ಕೊಟ್ಟೆ. ಮರುದಿನವೇ ಒಬ್ಬ ಕರೆ ಮಾಡಿದ. ಮೋಟರು ಬೇಕು, ಮುಂಗಡವಾಗಿ ಎಂಟು ಸಾವಿರ ಕಳಿಸುತ್ತೇನೆ, ಫೋನಿನಲ್ಲಿ ಬಂದದ್ದನ್ನು ಒಪ್ಪಿಕೊಂಡು ನಿಮ್ಮ ಗುಟ್ಟಿನ ಸಂಖ್ಯೆ ಹಾಕಿ ಎಂದ. ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದಕ್ಕೆ ಹಿನ್ನೆಲೆಯೇ ಇರಲಿಲ್ಲ, ಬಿಳಿಯ ಮೇಲೆ ಬೂದು ಅಕ್ಷರ ಅಷ್ಟೇ. ಇನ್ನೊಂದು ಅಂಚಿನಿಂದ ಅಂಚಿಗೆ ಹಸಿರು. ಅಮ್ಮ ಹಸಿರನ್ನು ಒತ್ತಿದಳು. ಹಣ ಬರಲಿಲ್ಲ, ಹೋಯಿತು. ಆತ ಕಳಿಸಿದ್ದು ಹಣವನ್ನಲ್ಲ, ಹಣ ಕೊಡಿ ಎಂಬ ಕೋರಿಕೆಯನ್ನು.

ಸಂಜೆ ನಾನು ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು: "ಹಸಿರಿತ್ತಲ್ಲೋ?"

ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ಆ್ಯಪ್‌ಗಳ ಪರದೆ ಕಟ್ಟುವ ಕೆಲಸದಲ್ಲಿದ್ದೆ. ಅಮ್ಮ ಒತ್ತಿದ ಗುಂಡಿ ನಮ್ಮದಲ್ಲ. ಆದರೆ ಅದೇ ವಾರ ನಾನು ಬೇರೊಂದು ಆ್ಯಪ್‌ಗೆ ಅಂಥದ್ದೇ ಒಂದು ಜೋಡಿಯನ್ನು ಮಾಡಿ ಮುಗಿಸಿದ್ದೆ. 'ಮುಂದುವರಿಯಿರಿ' ಎಂಬುದಕ್ಕೆ ಗಾಢ ಬಣ್ಣ, 'ಬೇಡ' ಎಂಬುದಕ್ಕೆ ಬಣ್ಣವೇ ಇಲ್ಲ. ಹಾಗೆ ಮಾಡು ಎಂದಿದ್ದರು, ಮಾಡಿದ್ದೆ. ಈಗ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ಗುಂಡಿ ಎಂದಾಗ ವಿಭಾಗದ ಹಿರಿಯರೊಬ್ಬರು "ಯಾವ ಉತ್ಖನನದ್ದು?" ಎಂದು ಕೇಳಿದ್ದರು. ತಪ್ಪು ಅವರದಲ್ಲ. ಕನ್ನಡದಲ್ಲಿ ಗುಂಡಿ ಎಂದರೆ ಹಳ್ಳವೂ ಹೌದು, ಅಂಗಿಯದೂ ಹೌದು. ಮರಾಠಿಯಲ್ಲೂ ಅಂಗಿಯ ಬಟನ್ನಿಗೆ ಗುಂಡಿ ಎಂದೇ ಹೆಸರು. ಹಾಗೆಯೇ ಹಿನ್ನೆಲೆ ಎಂಬ ಮಾತು ಹಿಂದಿರುವ ಬಣ್ಣಕ್ಕೂ ಸಲ್ಲುತ್ತದೆ, ಹಿಂದಿನ ಕಥೆಗೂ ಸಲ್ಲುತ್ತದೆ. ನನಗೆ ಎರಡೂ ಬೇಕು.

ಪರದೆಯ ಗುಂಡಿ ನಿಜವಾದ ಗುಂಡಿಯಲ್ಲ ಎಂಬಲ್ಲಿಂದ ಈ ಕಥೆ ಶುರುವಾಗುತ್ತದೆ. ಸ್ಟಾರ್ಟರಿನ ಗುಂಡಿಗೆ ಮೈಯಿದೆ. ಒತ್ತಿದರೆ ಒಳಗೆ ಹೋಗುತ್ತದೆ, ಟಕ್ ಎನ್ನುತ್ತದೆ. ಪರದೆ ಮಾತ್ರ ಎಲ್ಲಿ ಮುಟ್ಟಿದರೂ ಗಾಜು. ಇಲ್ಲಿ ಒತ್ತಬಹುದು, ಅಲ್ಲಿ ಒತ್ತಿದರೆ ಏನೂ ಆಗದು ಎಂಬುದನ್ನು ಹೇಳಲು ಉಳಿಯುವುದು ಬಣ್ಣ, ಅಂಚು, ನೆರಳು. 1990ರ ವಿಂಡೋಸ್ 3.0ರ ಬೂದು ಗುಂಡಿಗಳು ಹಲವರಿಗೆ ನೆನಪಿರಬಹುದು. ಮೇಲೆ ಮತ್ತು ಎಡಕ್ಕೆ ಒಂದು ಬಿಳಿ ಗೆರೆ, ಕೆಳಗೆ ಮತ್ತು ಬಲಕ್ಕೆ ಒಂದು ಗಾಢ ಬೂದು ಗೆರೆ. ಎಡ ಮೇಲ್ಮೂಲೆಯಿಂದ ಬೆಳಕು ಬೀಳುತ್ತಿದೆ ಎಂದು ಕಣ್ಣು ನಂಬುತ್ತದೆ, ಉಬ್ಬು ಕಾಣುತ್ತದೆ. ಒತ್ತಿದ ಕೂಡಲೇ ಗೆರೆಗಳು ಅದಲುಬದಲಾಗುತ್ತವೆ, ಉಬ್ಬು ತಗ್ಗಾಗುತ್ತದೆ. ಇಡೀ ಮಾಯೆ ನಾಲ್ಕು ಗೆರೆಗಳದ್ದು.

2013ರಲ್ಲಿ ಐಫೋನಿನ ಏಳನೆಯ ಆವೃತ್ತಿಯ ತಂತ್ರಾಂಶ ಬಂದಾಗ ಈ ಗೆರೆಗಳೆಲ್ಲ ಹಳತಾದವು. ಗುಂಡಿಯ ಅಂಚು ತೆಗೆದರು, ಹಿನ್ನೆಲೆ ತೆಗೆದರು, ಬಣ್ಣದ ಅಕ್ಷರವಷ್ಟೇ ಉಳಿಯಿತು. ನೋಡಲು ಸೊಗಸು, ನಿಜ. ಆದರೆ ಯಾವುದು ಗುಂಡಿ, ಯಾವುದು ಬರೀ ಬರಹ ಎಂಬುದು ಎಷ್ಟೋ ಜನಕ್ಕೆ ತಿಳಿಯಲಿಲ್ಲ. ಮುಂದಿನ ವರ್ಷವೇ 7.1 ಆವೃತ್ತಿಯಲ್ಲಿ, ಬೇಕಾದವರಿಗೆ ಗುಂಡಿಯ ಆಕಾರವನ್ನು ಮರಳಿ ತೋರಿಸುವ ಒಂದು ಆಯ್ಕೆಯನ್ನು ಸೇರಿಸಬೇಕಾಯಿತು. ಅದನ್ನು ಇಟ್ಟದ್ದು ದೃಷ್ಟಿ ಮಂದವಾದವರಿಗೂ ಇತರ ಅಡಚಣೆಯಿರುವವರಿಗೂ ಮೀಸಲಾದ ವಿಭಾಗದಲ್ಲಿ. ನನ್ನ ಕೇಳಿದರೆ ಅದು ಎಲ್ಲರಿಗೂ ಬೇಕಾದ ಆಯ್ಕೆಯಾಗಿತ್ತು.

ಆಂಡ್ರಾಯ್ಡ್‌ನಲ್ಲಿ ಗುಂಡಿಯ ಹಿನ್ನೆಲೆಯನ್ನು ನಮಗೆ ಬೇಕಾದಂತೆ ಮಾಡುವ ಕೆಲಸ ಹೊರಗಿನವರಿಗೆ ಚಿಲ್ಲರೆಯಾಗಿ ಕಾಣುತ್ತದೆ. ನನಗೂ ಮೊದಲ ದಿನ ಹಾಗೆಯೇ ಕಂಡಿತ್ತು. ಒಂದು ಬಣ್ಣ ಕೊಟ್ಟರೆ ಮುಗಿಯಿತಲ್ಲ ಎಂದು ನೇರವಾಗಿ ಬಣ್ಣ ಕೊಟ್ಟೆ. ಗುಂಡಿ ಸತ್ತುಹೋಯಿತು. ಬೆರಳಿಟ್ಟಾಗ ಹರಡುವ ಅಲೆ ಇಲ್ಲ, ಸುತ್ತಲಿನ ಅಂತರ ಇಲ್ಲ, ದುಂಡು ಮೂಲೆ ಇಲ್ಲ. ನಾನು ಬಣ್ಣ ಬಳಿದಿರಲಿಲ್ಲ, ಹಿಂದೆ ಇದ್ದ ಇಡೀ ಚಿತ್ರವನ್ನೇ ಕಿತ್ತು ಬಣ್ಣದ ತುಂಡೊಂದನ್ನು ಇಟ್ಟಿದ್ದೆ. ಸರಿಯಾದ ದಾರಿ ಎಂದರೆ ಸ್ಥಿತಿಗಳ ಒಂದು ಪಟ್ಟಿ ಬರೆಯುವುದು. ಒತ್ತಿದಾಗ ಹೀಗೆ, ನಿಷ್ಕ್ರಿಯವಾಗಿದ್ದಾಗ ಹೀಗೆ, ಯಾವುದೂ ಅಲ್ಲದಾಗ ಹೀಗೆ. ಫೋನು ಆ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು ಮೊದಲು ಹೊಂದಿದ್ದನ್ನು ಎತ್ತಿಕೊಳ್ಳುತ್ತದೆ. 'ಯಾವುದೂ ಅಲ್ಲದಾಗ' ಎಂಬುದನ್ನು ತಪ್ಪಿ ಮೊದಲ ಸಾಲಿನಲ್ಲಿ ಬರೆದರೆ ಕೆಳಗಿನ ಸಾಲುಗಳಿಗೆ ಸರದಿಯೇ ಬರುವುದಿಲ್ಲ. ಈ ಒಂದು ತಪ್ಪಿನಲ್ಲಿ ನಾನು ಅರ್ಧ ದಿನ ಕಳೆದಿದ್ದೇನೆ.

ಆದರೆ ನಿಜವಾದ ತೊಡಕು ಕನ್ನಡದ್ದಾಗಿತ್ತು. ಇಂಗ್ಲಿಷಿನ ಗುಂಡಿಗಳಲ್ಲಿ ಅಕ್ಷರಗಳೆಲ್ಲ ದೊಡ್ಡಕ್ಷರಗಳಾಗಿ ತಾವಾಗಿಯೇ ಬದಲಾಗುತ್ತಿದ್ದವು. ಆ ಲೆಕ್ಕದಲ್ಲೇ ಗುಂಡಿಯ ಎತ್ತರವೂ ಇರುತ್ತಿತ್ತು. ದೊಡ್ಡಕ್ಷರಗಳು ಗೆರೆಯ ಕೆಳಗೆ ಇಳಿಯುವುದಿಲ್ಲವಲ್ಲ. ಕನ್ನಡ ಹಾಗಲ್ಲ. ಗುಣಿತದ ಗುರುತು ಮೇಲೆ ಏರುತ್ತದೆ, ಒತ್ತು ಕೆಳಗೆ ಇಳಿಯುತ್ತದೆ. ಎತ್ತರವನ್ನು ಬಿಗಿಹಿಡಿದ ಗುಂಡಿಯಲ್ಲಿ 'ಒಪ್ಪಿದೆ' ಎಂದು ಬರೆದರೆ ಪಾದ ಕತ್ತರಿಸಿ 'ಒಪಿದೆ' ಆಗುತ್ತದೆ. 'ತಿರಸ್ಕರಿಸಿ' ಅಗಲ ಸಾಲದೆ ಎರಡು ಸಾಲಾಗುತ್ತದೆ. ಎತ್ತರ ಬಿಡಿ, ಅಕ್ಷರ ಎಷ್ಟು ಬೇಕೋ ಅಷ್ಟು ಬೆಳೆಯಲಿ ಎಂದು ನಾನು ಹೇಳಿದಾಗ, ಆಗ ಇಂಗ್ಲಿಷಿನ ಪರದೆ ಕೆಡುತ್ತದೆ, ಕನ್ನಡದ ಪದ ಚಿಕ್ಕದು ಮಾಡು ಎಂಬ ಉತ್ತರ ಬಂತು. ಅಮ್ಮನ ಫೋನನ್ನು ನಾನು ಇಂಗ್ಲಿಷಿನಲ್ಲೇ ಬಿಟ್ಟಿದ್ದೆ ಎಂಬುದನ್ನೂ ಇಲ್ಲೇ ಹೇಳಬೇಕು. ಕನ್ನಡದಲ್ಲಿ ಪದಗಳು ಅರ್ಧಕ್ಕೆ ಕತ್ತರಿಸಿ ಕಾಣುತ್ತವೆ, ಅವಳಿಗೆ ಗೊಂದಲವಾಗುತ್ತದೆ ಎಂಬುದು ನನ್ನ ವಾದವಾಗಿತ್ತು.

ಅದೇ ಕಂಪನಿಯಲ್ಲಿ ನನ್ನ ಮೊದಲ ಪುರಾಲೇಖವೂ ಸಿಕ್ಕಿತು. ಯಾವುದೋ ಹಳೆಯ ಆ್ಯಪ್‌ನ ಕಡತಗಳನ್ನು ತೆರೆದರೆ ಅಲ್ಲಿ ನೂರಾರು ಚಿಕ್ಕ ಚಿತ್ರಗಳು. ಒಂದೊಂದರಲ್ಲೂ ನೀಲಿ ಹಿನ್ನೆಲೆ, ಅದರ ಮೇಲೆ ಒಂದು ಕನ್ನಡ ಪದ. 'ಮುಖಪುಟ', 'ಹುಡುಕಿ', 'ಹಿಂದೆ'. ಪ್ರತಿ ಪದಕ್ಕೂ ಮೂರು ನಾಲ್ಕು ಅಳತೆಗಳು. ಕಡತಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ: ಹಿಂದೆ_ಹೊಸದು, ಹಿಂದೆ_ಹೊಸದು_ಎರಡು, ಹಿಂದೆ_ಕೊನೆಯದು. ಯಾಕೆ ಹೀಗೆ ಎಂದು ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. ಆಗಿನ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ ಮಾರಾಯ ಎಂದರು.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಜಾಗ ಸಿಕ್ಕರೆ ಸಾಲದು, ಅಕ್ಷರಕ್ಕೆ ಒತ್ತನ್ನೂ ಗುಣಿತವನ್ನೂ ಜೋಡಿಸುವ ಯಂತ್ರವೂ ಅಕ್ಷರಶೈಲಿಯೂ ಸಾಧನದ ಒಳಗಿರಬೇಕು. ಆಂಡ್ರಾಯ್ಡ್ ಫೋನುಗಳು ಬಂದದ್ದು 2008ರಲ್ಲಿ. ಕನ್ನಡ, ತೆಲುಗು, ಮಲಯಾಳಗಳಿಗೆ ಅದರಲ್ಲಿ ಅಧಿಕೃತ ಬೆಂಬಲ ದೊರೆತದ್ದು 2012ರ 4.1 ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಕನ್ನಡ ಪದ ಬರೆದರೆ ಬಹುಪಾಲು ಫೋನುಗಳು ಖಾಲಿ ಚೌಕಗಳನ್ನು ತೋರಿಸುತ್ತಿದ್ದವು. 2012ರ ನಂತರವೂ ಹಳೆಯ ಫೋನುಗಳು ಕೈಯಿಂದ ಕೈಗೆ ಬಹಳ ಕಾಲ ಓಡಾಡಿದವು. ಹಾಗಾಗಿ ಕನ್ನಡ ಬೇಕೆಂದವರು ಕಂಪ್ಯೂಟರಿನಲ್ಲಿ ಬರಹದಲ್ಲೋ ನುಡಿಯಲ್ಲೋ ಪದ ಮೂಡಿಸಿ, ಅದನ್ನು ಚಿತ್ರವಾಗಿಸಿ, ಗುಂಡಿಯ ಹಿನ್ನೆಲೆಯಾಗಿ ಇಟ್ಟರು. ಮುಂದೆ ಬರೆಯಬೇಕಾದ ಅಕ್ಷರ ಹಿಂದಕ್ಕೆ ಹೋಗಿ ಬಣ್ಣದ ಭಾಗವಾಯಿತು. ಫೋನಿನ ದೃಷ್ಟಿಯಲ್ಲಿ ಆ ಗುಂಡಿಯ ಮೇಲೆ ಏನೂ ಬರೆದಿಲ್ಲ.

ಇದನ್ನು ಜಾಣತನ ಎಂದು ಮೆಚ್ಚುವುದು ಸುಲಭ, ನಾನೂ ಮೆಚ್ಚಿದೆ. ಆದರೆ ಚಿತ್ರವಾದ ಅಕ್ಷರ ಬೆಳೆಯುವುದಿಲ್ಲ. ಕಣ್ಣು ಮಂದವಾದವರು ಫೋನಿನ ಅಕ್ಷರಗಾತ್ರ ಹೆಚ್ಚಿಸಿದರೂ ಅದು ಇದ್ದಷ್ಟೇ ಇರುತ್ತದೆ. ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಆ ಗುಂಡಿಯ ಮೇಲೆ ಬಂದಾಗ 'ಬಟನ್' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ವಿವರಣೆಯನ್ನು ಬೇರೆಯಾಗಿ ಬರೆದಿಟ್ಟಿದ್ದರೆ ಓದುತ್ತಿತ್ತು. ನಾನು ನೋಡಿದ ಆ ನೂರಾರು ಚಿತ್ರಗಳಲ್ಲಿ ಒಂದಕ್ಕೂ ವಿವರಣೆ ಇರಲಿಲ್ಲ.

ಕೈಯಲ್ಲಿ ಹಿಡಿಯುವ ಪರದೆಯ ಮೇಲೆ ಕನ್ನಡ ಎಂಬ ಕನಸು ಆಂಡ್ರಾಯ್ಡ್‌ಗಿಂತ ಹಳೆಯದು, ಮತ್ತು ಅದು ಹುಟ್ಟಿದ್ದು ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಸಾಫ್ಟ್‌ವೇರ್‌ನ ಗೆಳೆಯರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನ ಮೊದಲ ಮಾದರಿ 2001ರಲ್ಲಿ ಹೊರಬಂತು. ಅಂಗೈ ಅಳತೆಯ ಯಂತ್ರ, ಕಡ್ಡಿಯಿಂದ ಮುಟ್ಟುವ ಪರದೆ, ಒಳಗೆ ಲಿನಕ್ಸ್. ಓದಲು ಬಾರದವರೂ ಬಳಸುವಂತಿರಬೇಕು ಎಂಬುದು ಅದರ ಹಟ. ಅದಕ್ಕಾಗಿ ಭಾರತೀಯ ಭಾಷೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೂ, ಚಿತ್ರ, ಸ್ಪರ್ಶ, ಧ್ವನಿಗಳಿಂದ ನಡೆಯುವ ಪುಟಗಳಿಗೆಂದೇ ಒಂದು ಗುರುತುಭಾಷೆಯನ್ನೂ ಅವರು ಮಾಡಿಕೊಂಡಿದ್ದರು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಇದನ್ನು ಪ್ರಯೋಗಿಸಿ ನೋಡಿತು. 2004ರ ಮಾರ್ಚಿನಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮಾದರಿಯಲ್ಲಿ ಯಂತ್ರವನ್ನು ಅಲುಗಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಆದರೆ ಅದು ಓಡಲಿಲ್ಲ. ಐವತ್ತು ಸಾವಿರದ ಗುರಿಯ ಎದುರು 2005ರ ಹೊತ್ತಿಗೆ ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು ಎಂದು ವರದಿಗಳು ಹೇಳುತ್ತವೆ. ಅಗ್ಗದ ಯಂತ್ರ ಎಂದು ಹೊರಟದ್ದರ ಬೆಲೆ ಸುಮಾರು ಹತ್ತು ಸಾವಿರದಿಂದ ಶುರುವಾಗುತ್ತಿತ್ತು, ಅಷ್ಟರಲ್ಲಿ ಸಾಧಾರಣ ಮೊಬೈಲು ಎಲ್ಲರ ಜೇಬಿಗೂ ಬರತೊಡಗಿತ್ತು.

ಅಮಿಡಾವನ್ನು ತಯಾರಿಸಿದ್ದು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಾವು ಬಿಇಎಲ್ ಎನ್ನುವ ಕಾರ್ಖಾನೆ. ರಾಜಾನುಕುಂಟೆಯಿಂದ ಯಲಹಂಕದ ಮೇಲೆ ಹೋದರೆ ಸುಮಾರು ಇಪ್ಪತ್ತು ಕಿಲೋಮೀಟರ್. ಸಿಂಪ್ಯೂಟರಿನ ಜಾಡು ಹಿಡಿದು ಅಲ್ಲಿಗೆ ತಲುಪಿದವನಿಗೆ ಅದೇ ಕಾರ್ಖಾನೆಯ ಇನ್ನೊಂದು ಗುಂಡಿ ಎದುರಾಯಿತು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಒತ್ತಿರುತ್ತೀರಿ. ಮತಯಂತ್ರದ ನೀಲಿ ಗುಂಡಿ.

1980ರ ದಶಕದ ಆರಂಭದಲ್ಲಿ ಬಿಇಎಲ್ ಒಂದು ಮೈಕ್ರೋಕಂಪ್ಯೂಟರ್ ಆಧಾರಿತ ಮತಯಂತ್ರವನ್ನು ಮಾಡಿತ್ತು. ಅದನ್ನು ಮೊದಲು ಬಳಸಿದ್ದು ತನ್ನದೇ ಕಾರ್ಮಿಕ ಸಂಘಗಳ ಚುನಾವಣೆಗೆ. ಅನಂತರ ಚುನಾವಣಾ ಆಯೋಗ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎರಡರ ಜೊತೆಗೂ ಕೆಲಸ ಮಾಡಿತು. ಯಂತ್ರಕ್ಕೆ ರೂಪ ಕೊಟ್ಟವರಲ್ಲಿ ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರಿದ್ದರು. 1982ರ ಮೇ 19ರಂದು ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಮೊದಲ ಬಾರಿಗೆ ಸಾರ್ವಜನಿಕ ಚುನಾವಣೆಗೆ ಇಳಿಯಿತು. ಕಾನೂನಿನಲ್ಲಿ ಯಂತ್ರದ ಮಾತಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟು ಆ ಮತದಾನವನ್ನು ಒಪ್ಪಲಿಲ್ಲ. 1988ರ ಕೊನೆಗೆ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ 543 ಕ್ಷೇತ್ರಗಳಲ್ಲೂ ಯಂತ್ರವೇ ಇತ್ತು. ಅಮಿಡಾ ಬಂದ ವರ್ಷವೇ ಅದು. ಒಂದೇ ಆವರಣದ ಎರಡು ಗುಂಡಿಗಳಲ್ಲಿ ಒಂದು ಮರೆಯಾಗಲು ಹೊರಟಿತ್ತು, ಇನ್ನೊಂದು ದೇಶದ ಎಲ್ಲರ ಬೆರಳಿಗೂ ಬಂದಿತ್ತು.

ಯಂತ್ರದ ಮೇಲಿನ ವಾದವಿವಾದಗಳನ್ನು ಇಲ್ಲಿ ಬಿಡುತ್ತೇನೆ, ಅದು ಬೇರೆಯೇ ಲೇಖನ. ನನ್ನ ಕಣ್ಣು ಗುಂಡಿಗಳ ಮೇಲಿತ್ತು. ಒಂದು ಮತಪೆಟ್ಟಿಗೆಯ ಘಟಕದಲ್ಲಿ ಹದಿನಾರು ಗುಂಡಿಗಳು. ಎಲ್ಲವೂ ಅದೇ ನೀಲಿ, ಅದೇ ಅಳತೆ, ಅದೇ ಅಂತರ. ಪಕ್ಷಕ್ಕೆ ಬಣ್ಣವಿರಬಹುದು, ಗುಂಡಿಗೆ ಪಕ್ಷದ ಬಣ್ಣವಿಲ್ಲ. ಹೆಸರು, ಚಿಹ್ನೆ, 2015ರಿಂದೀಚೆಗೆ ಅಭ್ಯರ್ಥಿಯ ಫೋಟೋ ಇವೆಲ್ಲ ಪಕ್ಕದ ಕಾಗದದಲ್ಲಿರುತ್ತವೆ. ಆ ಕಾಗದವೂ ಲೋಕಸಭೆಗೆ ಎಲ್ಲರಿಗೂ ಬಿಳಿ, ವಿಧಾನಸಭೆಗೆ ಎಲ್ಲರಿಗೂ ಗುಲಾಬಿ. 2013ರಿಂದ 'ಮೇಲಿನ ಯಾರೂ ಅಲ್ಲ' ಎಂಬುದಕ್ಕೂ ಒಂದು ಗುಂಡಿ ಬಂತು. ಅದೂ ಅದೇ ನೀಲಿ. ಬೇಡ ಎನ್ನುವವನಿಗೂ ಬೇಕು ಎನ್ನುವವನಿಗೆ ಕೊಟ್ಟಷ್ಟೇ ದೊಡ್ಡ ಗುಂಡಿ ಕೊಟ್ಟ ಆ ಪೆಟ್ಟಿಗೆಯ ಮುಂದೆ ನಾನು ಮಾಡಿದ 'ಬೇಡ' ನೆನಪಾಯಿತು. ಬಿಳಿಯ ಮೇಲೆ ಬೂದು ಬಣ್ಣದ, ಹಿನ್ನೆಲೆಯೇ ಇಲ್ಲದ ನನ್ನ 'ಬೇಡ'.

ಮತಗಟ್ಟೆ ಅಧಿಕಾರಿಯ ಬಳಿಯಿರುವ ನಿಯಂತ್ರಣ ಘಟಕದ ಏರ್ಪಾಟು ಬೇರೆ. ಅಲ್ಲಿ ಎಲ್ಲ ಗುಂಡಿಗಳೂ ಸಮಾನವಲ್ಲ. ಪ್ರತಿ ಮತದಾರನಿಗೂ ಒಮ್ಮೆ ಒತ್ತಬೇಕಾದ ಗುಂಡಿ ಹೊರಗಿದೆ. ಫಲಿತಾಂಶ ತೋರಿಸುವ ಗುಂಡಿ, ಎಲ್ಲವನ್ನೂ ಅಳಿಸುವ ಗುಂಡಿ ಮುಚ್ಚಳದ ಒಳಗೆ, ಮೊಹರಿನ ಹಿಂದೆ ಇವೆ. ತಪ್ಪಿ ಒತ್ತಿದರೆ ಹಾನಿ ಎಷ್ಟೋ, ತಲುಪುವ ದಾರಿಯೂ ಅಷ್ಟೇ ಉದ್ದ. ಅಮ್ಮನ ಫೋನಿನಲ್ಲಿ ಎಂಟು ಸಾವಿರ ಕಳೆಯುವ ಗುಂಡಿ ಪರದೆಯ ಅತಿ ಸುಲಭದ ಜಾಗದಲ್ಲಿ, ಹೆಬ್ಬೆರಳು ತಾನಾಗಿ ಬೀಳುವಲ್ಲಿ ಇತ್ತು. ಗುಟ್ಟಿನ ಸಂಖ್ಯೆ ಕೇಳುವುದೇ ಮುಚ್ಚಳ ಎಂದು ನನ್ನ ಹಳೆಯ ಸಹೋದ್ಯೋಗಿಗಳು ವಾದಿಸುತ್ತಾರೆ. ಇರಬಹುದು. ಆದರೆ ಆ ಸಂಖ್ಯೆಯನ್ನು ದಿನಕ್ಕೆ ಹತ್ತು ಸಲ ಹಾಕುವವರಿಗೆ ಅದು ಮುಚ್ಚಳವಾಗಿ ಉಳಿಯುವುದಿಲ್ಲ.

ಜನರನ್ನು ಒಂದು ಕಡೆಗೆ ನೂಕಲು ಪರದೆಯನ್ನು ಬಳಸುವ ಈ ಚಾಳಿಗೆ 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ವಿನ್ಯಾಸಕಾರ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟ. 2023ರ ನವೆಂಬರ್ 30ರಂದು ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದರ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿತು. ಒಂದು ಮಾಹಿತಿಯನ್ನು ಎದ್ದು ಕಾಣಿಸಿ, ಇನ್ನೊಂದನ್ನು ಮಸುಕಾಗಿಸಿ ಬಳಕೆದಾರನ ದಾರಿ ತಪ್ಪಿಸುವುದೂ ಆ ಪಟ್ಟಿಯಲ್ಲಿದೆ. ಅದನ್ನು ಓದುವಾಗ ನನ್ನ ಹಳೆಯ ಕೆಲಸದ ವಿವರಣೆಯನ್ನೇ ಓದಿದಂತಾಯಿತು. ಅಮ್ಮನ ಪ್ರಕರಣ ನೇರವಾಗಿ ಇದರೊಳಗೆ ಬರುವುದಿಲ್ಲ ಎಂಬುದನ್ನೂ ಒಪ್ಪಬೇಕು. ಮೋಸ ಮಾಡಿದ್ದು ಕರೆ ಮಾಡಿದವನು. ಆ್ಯಪ್ ಮಾಡಿದವರು ಹಣ ಕೊಡುವ ಗುಂಡಿಗೆ ಹಸಿರು ಬಳಿದದ್ದು ಮೋಸ ಮಾಡಲೆಂದಲ್ಲ, ಹಸಿರು ಎಂದರೆ 'ಮುಂದೆ ಹೋಗು' ಎಂಬ ಅವರ ರೂಢಿಯಿಂದ. ಅಮ್ಮನ ಹಸಿರು ಬೇರೆ ಕಂಬದಿಂದ ಬಂದದ್ದು. ಅಲ್ಲಿ ಅದು ಬರುವುದರ ಬಣ್ಣ.

ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹಣದ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಈ ಬಗೆಯ ಮೋಸಗಳೇ ಕಾರಣ. ಆ ಸುದ್ದಿ ಓದಿ ಹೇಳಿ, ಆ ಗುಂಡಿ ಯಾವ ಬಣ್ಣದಲ್ಲಿರಬೇಕಿತ್ತು ಎಂದು ಅಮ್ಮನನ್ನು ಕೇಳಿದೆ. ಸಂದರ್ಶನದ ಹಾಗೆ ಫೋನಿನಲ್ಲಿ ಧ್ವನಿಮುದ್ರಣವನ್ನೂ ಹಾಕಿಟ್ಟಿದ್ದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. "ದುಡ್ಡು ಬರೋದಕ್ಕೆ ಗುಂಡಿ ಯಾಕೋ ಬೇಕು? ಕೊಡೋನು ಒತ್ತಬೇಕು, ಈಸ್ಕೊಳ್ಳೋಳು ಯಾಕೆ ಒತ್ತಬೇಕು? ಅವತ್ತು ಅದು ಹೊಳೀಲಿಲ್ಲ ನೋಡು" ಎಂದಳು. ಧ್ವನಿಮುದ್ರಣದಲ್ಲಿ ಅನಂತರ ಕೇಳುವುದು ಕಾಳು ಪಾತ್ರೆಗೆ ಬೀಳುವ ಸದ್ದು ಮಾತ್ರ.

ಅವಳ ಫೋನು ಈಗ ಕನ್ನಡದಲ್ಲಿದೆ. ಕೆಲವು ಗುಂಡಿಗಳಲ್ಲಿ ಒತ್ತಕ್ಷರದ ತುದಿ ಇನ್ನೂ ಕಾಣುವುದಿಲ್ಲ. ಅವಳು ಊಹಿಸಿ ಓದುತ್ತಾಳೆ, ಅನುಮಾನ ಬಂದರೆ ಒತ್ತದೆ ನನ್ನನ್ನು ಕೂಗುತ್ತಾಳೆ. ಮೋಟರನ್ನು ಕೊನೆಗೆ ಯಲಹಂಕದ ಗುಜರಿಯವನಿಗೆ ನಗದಿಗೆ ಕೊಟ್ಟೆವು. ಸ್ಟಾರ್ಟರ್ ಪೆಟ್ಟಿಗೆ ಬೇಡ ಎಂದ. ಅದು ಕಂಬದಲ್ಲೇ ಇದೆ, ಒಳಗೆ ಹಲ್ಲಿಗಳಿವೆ. ಹಸಿರು ಗುಂಡಿಯ ಬಣ್ಣ ಬೆರಳು ತಾಗುವ ನಡುವಿನಲ್ಲಿ ಸವೆದಿದೆ, ಕೆಂಪಿನದು ಅಷ್ಟು ಸವೆದಿಲ್ಲ. ಕರೆಂಟು ಹೋದಾಗ ಮೋಟರು ತಾನೇ ನಿಲ್ಲುತ್ತಿತ್ತಲ್ಲ, ಅದಕ್ಕೇ ಇರಬೇಕು.